ಐದು ದಿನದ ಗುಳಗಿ

2024ರ ಆಗಸ್ಟ್ 13, ಮಂಗಳವಾರ, ಬೆಳಗ್ಗೆ 9.40. ಸಂಗಣ್ಣ ಚಿತ್ತಾಪುರ ಠಾಣೆಗೆ ನುಗ್ಗಿ ಮೇಜಿಗೆ ಗುದ್ದಿದ.

"ದಂಡೋತಿಗಿ ಕೊಟ್ಟ ನನ್ನ ತಂಗಿ ಲಕ್ಷ್ಮಿಗಿ ಆಕಿ ಅತ್ತಿ ವಿಷ ಹಾಕ್ಯಾಳ್ರಿ. ಬರಕೋರಿ!"

ಮೇಜು ಗುದ್ದುವವರನ್ನು ಕಂಡರೆ ಇನ್ಸ್‌ಪೆಕ್ಟರ್ ಆನಂದಕುಮಾರನಿಗೆ ಆಗದು. ಆದರೂ ಎಫ್‌ಐಆರ್ ಬರೆಸಿದ. ಲಕ್ಷ್ಮಿಗೆ ಮೂವತ್ತೊಂದು ವರ್ಷ, ಹೃದಯದ ಕವಾಟ ಕೆಟ್ಟಿತ್ತು. ಸೋಮವಾರ ಸಂಜೆ ವಾಂತಿ ಮಾಡಿಕೊಂಡು ಸತ್ತಿದ್ದಳು. ಪಂಚನಾಮೆಯಲ್ಲಿ ಗುಳಿಗೆಯ ಡಬ್ಬಿ ಜಪ್ತಿಯಾಯಿತು.

ಪ್ರಯೋಗಾಲಯದ ವರದಿಗೆ ಐದು ವಾರ ಹಿಡಿಯಿತು. ರಕ್ತದಲ್ಲಿ ಅವಳ ಔಷಧವೇ ಇತ್ತು, ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು.

"ಇದು ಫಾಕ್ಸ್‌ಗ್ಲೋವ್ ಅನ್ನೋ ಹೂವಿನ ಗಿಡದ್ದು," ಎಂದರು ಅವಳಿಗೆ ಔಷಧ ಬರೆದಿದ್ದ ಡಾಕ್ಟರು. "ಹದ ತಪ್ಪಿದ್ರ ವಿಷ. ಅದಕ್ಕೇ ವಾರಕ್ಕ ಐದೇ ದಿನ. ಶನಿವಾರ, ಭಾನುವಾರ ರಜಾ ಅಂತ ಚೀಟಿಯೊಳಗ ಬರದೀನಿ."

ದಂಡೋತಿಯಲ್ಲಿ ಆ ಗಿಡ ಕಂಡವರಿಲ್ಲ, ಹೆಸರು ಕೇಳಿದವರೂ ಇಲ್ಲ. ಮನೆಯಲ್ಲಿ ಅದು 'ಐದು ದಿನದ ಗುಳಗಿ'.

ಲಕ್ಷ್ಮಿಯ ಗಂಡ ಕಾಶೀನಾಥ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವವನು. ತಲೆ ಎತ್ತದೆ ಹೇಳಿಕೆ ಕೊಟ್ಟ.

"ಸೋಮವಾರ ಮುಂಜಾನಿ ಗುಳಗಿ ಯಾರು ಕೊಟ್ಟರು?"

"ಅವ್ವ. ದಿನಾ ಆಕೀನೇ ಕೊಡ್ತಾಳ್ರಿ. ಮರತು ಮ್ಯಾಲಿಂದ ಮ್ಯಾಲ ಕೊಟ್ಟಿರಬೇಕು."

"ನೋಡಿದ್ಯಾ?"

"ಕಣ್ಣಾರೆ ನೋಡೀನ್ರಿ."

ಅವನ ತಾಯಿ ದಾನಮ್ಮನನ್ನು ಕರೆಸಿದರು.

"ಸೋಮವಾರ ಎಷ್ಟು ಗುಳಗಿ ಕೊಟ್ಟಿಯವ್ವಾ?"

"ಒಂದೂ ಇಲ್ಲಪ್ಪಾ. ಸೋಮವಾರ, ಮಂಗಳವಾರ ರಜಾ."

"ಡಾಕ್ಟರು ಶನಿವಾರ, ಭಾನುವಾರ ಅಂದಾರಲ್ಲ!"

"ಅವರಿಗೇನು ಗೊತ್ತು? ಸೋಮವಾರ ನಾನು ಗುಡಿಗಿ ಹೋದ್ರ ಮಧ್ಯಾಹ್ನತನ ಬರಂಗಿಲ್ಲ. ಗುಳಗಿ ಯಾರು ಕೊಡಬೇಕು? ಅದಕ್ಕ ರಜಾ ಸರಿಸೀನಿ. ನಿಮ್ಮ ಠಾಣಾದಾಗ ರಜಾ ಅದಲು ಬದಲು ಮಾಡಂಗಿಲ್ಲೇನು?"

ಪೇದೆ ಮಲ್ಲು ನಗು ನುಂಗಿದ.

ದಿನದ ಗುಳಿಗೆಯ ಗೊಡವೆಗೇ ಹೋಗದ ಗಂಡನಿಗೆ ಈ ಅದಲು ಬದಲು ಗೊತ್ತಿರಲಿಲ್ಲ; ಡಾಕ್ಟರ ಚೀಟಿ ನಂಬಿ ಸುಳ್ಳು ಹೇಳಿದ್ದ. ಆ ಸೋಮವಾರ ದಾನಮ್ಮ ಮಧ್ಯಾಹ್ನ ಒಂದು ಗಂಟೆಯವರೆಗೆ ಮನೆಯಲ್ಲಿರಲಿಲ್ಲ ಎಂದು ನೆರೆಮನೆಯ ಅಖ್ತರ ಬೇಗಂ ಹೇಳಿದಳು. ಅದಕ್ಕೆ ಎರಡು ದಿನ ಮೊದಲು, ಶನಿವಾರವೇ, ಕಾಶೀನಾಥ ಅದೇ ಚೀಟಿ ತೋರಿಸಿ ಮತ್ತೆ ಗುಳಿಗೆ ಒಯ್ದದ್ದನ್ನು ಔಷಧದಂಗಡಿಯ ಅಬ್ದುಲ್ ಗನಿ ಹೇಳಿದ.

ಸೆಪ್ಟೆಂಬರ್ 20, ಮಧ್ಯಾಹ್ನ 3.15ಕ್ಕೆ ಬಂಧನ.

"ಹಡೆದವ್ವನ ತಲಿಗಿ ಕಟ್ಟಿದೆಲ್ಲೋ ಭಾಡ್ಯಾ!" ಆನಂದಕುಮಾರ ಕೈ ಎತ್ತಿದ, ಇಳಿಸಿದ.

"ಮುದುಕಿ ಅಂತ ಬಿಡ್ತಾರ ಅನ್ಕೊಂಡಿದ್ದೆರಿ." ಕಾಶೀನಾಥ ಗೋಡೆಗೆ ಒರಗಿದ. "ಆಪರೇಷನ್ ತಾರೀಖು ಮೂರು ಸಲ ಮುಂದ ಹಾಕಿದ್ರು. ಪ್ರತಿ ಸಲ ಆಕಿ ಚಲೋ ಸೀರಿ ಉಟ್ಟು ಬರ್ತಿದ್ಳು. ಹೊಳ್ಳಿ ಬರೂಮುಂದ ಬಸ್ಸಿನ್ಯಾಗ ಒಂದು ಮಾತಿಲ್ಲ. ನಾಲ್ಕನೇ ಸಲ ಅದನ್ನ ನೋಡಲಿಕ್ಕ ನನಗ ಆಗಲಿಲ್ರಿ. ಗುಳಗಿ ಕೊಟ್ಟುಬಿಟ್ಟೆ."

ಲಾಕಪ್ಪಿನ ಹೊರಗೆ ದಾನಮ್ಮ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಸೋಮವಾರ ನಾನೇ ಕೊಟ್ಟೀನಿ ಅಂತ ಬರಕೊಪ್ಪಾ. ವಯಸ್ಸಾಗ್ಯದ, ಮರತಿದ್ದೆ."

"ನಿನ್ನ ಹೇಳಿಕಿ ಬರದು ಮುಗದದವ್ವಾ."

"ಹಾಳಿ ಹರೀಲಿಕ್ಕ ಬರಂಗಿಲ್ಲೇನು?"

ಆನಂದಕುಮಾರ ಫೈಲು ಕಟ್ಟಿದ. ದಾನಮ್ಮ ಅಲ್ಲೇ ನೆಲದ ಮೇಲೆ ಕುಳಿತಳು.