ತಕಯಾಮಾ ಸಂತೆಯಲ್ಲಿ ತಿಪ್ಪಸಂದ್ರದ ಹುಡುಗ

ಅವನೇ!

ನಡೆಯುತ್ತಿದ್ದ ಪದ್ಮಶ್ರೀ ಗಕ್ಕನೆ ನಿಂತಳು. ಜಪಾನಿನ ತಕಯಾಮಾ ಎಂಬ ಬೆಟ್ಟದೂರಿನಲ್ಲಿ, ಹೊಳೆದಂಡೆಯ ಬೆಳಗಿನ ಸಂತೆಯಲ್ಲಿ, ಮೂರೇ ಹೆಜ್ಜೆ ದೂರದಲ್ಲಿ ನಿಂತಿದ್ದವನು ತಿಪ್ಪಸಂದ್ರದ ಸಿದ್ಧಾರ್ಥ.

ಎರಡು ವರ್ಷದ ಹಿಂದೆ ಕೂಟಗಲ್‌ನ ಅವಳ ಮನೆಗೆ ಹೆಣ್ಣು ನೋಡಲು ಬಂದು, ಒಂದು ಮಾತೂ ಆಡದೆ ಎದ್ದುಹೋದವನು. ವಾರ ಕಳೆದ ಮೇಲೆ ಮದುವೆ ದಲ್ಲಾಳಿ ಜಯಕುಮಾರ್ ಬಂದು, ಹುಡುಗನಿಗೆ ಮನಸ್ಸಿಲ್ಲವಂತೆ ಎಂದು ಹೇಳಿ ಕೈತೊಳೆದುಕೊಂಡಿದ್ದ.

ಆಗ ಅವಳಿಗೂ ಮದುವೆ ಬೇಕಿರಲಿಲ್ಲ, ನಿಜ. ಆದರೆ ಅಮ್ಮ ಚಿಕ್ಕಲಕ್ಷ್ಮಮ್ಮ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. 'ಬೇಡ ಅನ್ನೋದಾದರೆ ನನ್ನ ಮುಖ ನೋಡಿ ಹೇಳಬಹುದಿತ್ತಲ್ಲ...' ಆ ಮುಳ್ಳು ಮಾತ್ರ ಒಳಗೇ ಉಳಿದುಬಿಟ್ಟಿತ್ತು.

ಆಮೇಲೆ ಅವಳು ಓದಲು ನಾಗೋಯಾಕ್ಕೆ ಬಂದಳು. ಇವತ್ತು ಭಾನುವಾರ. ಸುಮ್ಮನೆ ಸುತ್ತಾಡಿ, ಕಂಡದ್ದು ತಿಂದು ಬರೋಣ ಎಂದು ಮೊದಲ ಬಸ್ಸನ್ನೇ ಹತ್ತಿ ಇಲ್ಲಿಗೆ ಬಂದಿದ್ದಳು. ಕೆಂಪು ಗೆಡ್ಡೆಯ ಉಪ್ಪಿನಕಾಯಿ ರುಚಿ ನೋಡಿದ್ದಳು, ತಣ್ಣೀರಲ್ಲಿ ತೇಲಿಬಿಟ್ಟ ಟೊಮ್ಯಾಟೊ ಕಚ್ಚಿದ್ದಳು. ಎಷ್ಟು ಹಗುರಾಗಿದ್ದಳು!

ತಿರುಗಿ ಹೋಗಿಬಿಡಲೇ?

ಅಷ್ಟರಲ್ಲಿ ಅವನು ಅಂಗಡಿಯ ಅಜ್ಜಿಯ ಮುಂದೆ ಅಂಗೈಯನ್ನು ಮೀನಿನಂತೆ ಆಡಿಸುತ್ತಾ, ಶ್ರಾವಣ ಮಾಸ ಕಣಜ್ಜಿ, ಇದ್ರಾಗೆ ಮೀನು ಗೀನು ಐತಾ ಎಂದು ಅಚ್ಚಕನ್ನಡದಲ್ಲೇ ಕೇಳುತ್ತಿದ್ದ. ಅಜ್ಜಿ ಎಲ್ಲದಕ್ಕೂ ನಗುತ್ತಾ ತಲೆಯಾಡಿಸುತ್ತಿದ್ದಳು.

ಪದ್ಮಶ್ರೀಗೆ ನಗು ತಡೆಯಲಾಗಲಿಲ್ಲ.

"ಮೀನಿಲ್ಲ. ಅಕ್ಕಿ ಹಿಟ್ಟಿನ ಉಂಡೆ, ಸೋಯಾ ಸಾಸ್ ಸವರಿ ಸುಟ್ಟಿರೋದು. ಧೈರ್ಯವಾಗಿ ತಿನ್ನಿ."

ತಿರುಗಿ ನೋಡಿದವನ ಮುಖದ ಬಣ್ಣವೇ ಇಳಿಯಿತು. ಅವನಿಗೂ ಗುರುತು ಹತ್ತಿತ್ತು.

ಉಂಡೆ ಪೋಣಿಸಿದ್ದ ಕಡ್ಡಿಗಳನ್ನು ಹಿಡಿದು ಇಬ್ಬರೂ ಹೊಳೆಯ ಪಕ್ಕ ನಡೆದರು. ಬಿಡದಿಯ ಕಾರ್ಖಾನೆಯವರು ಆರು ತಿಂಗಳ ಟ್ರೈನಿಂಗ್‌ಗೆ ಕಳಿಸಿದ್ದಾರೆಂದೂ, ಗುರುವಾರ ಊರಿಗೆ ವಾಪಸ್ ಹೊರಡುತ್ತೇನೆಂದೂ ಅವನು ಹೇಳಿದ. ಕಡ್ಡಿಯಲ್ಲಿದ್ದ ಉಂಡೆ ಮುಟ್ಟಿರಲಿಲ್ಲ.

ಗುರುವಾರ... ಇವತ್ತು ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾಗದು.

"ಅವತ್ತು ನನ್ನಲ್ಲಿ ಏನು ಕಮ್ಮಿ ಕಾಣ್ತು ನಿಮಗೆ?"

ಸಿದ್ಧಾರ್ಥ ನಿಂತುಬಿಟ್ಟ.

"ಕಮ್ಮಿನಾ? ಕೈ ತೊಳೆಯಕ್ಕೆ ಹಿತ್ತಲಿಗೆ ಹೋಗಿದ್ದೆ. ನಿಮ್ಮ ರೇಷ್ಮೆ ಹುಳದ ಮನೆ ಗೋಡೆ ತುಂಬಾ ಸೀಮೆಸುಣ್ಣದಲ್ಲಿ ಜಪಾನಿ ಅಕ್ಷರ ಬರ್ದಿತ್ತು. ಕೆಳಗೆ ಪರೀಕ್ಷೆ ತಾರೀಕು... ಮೂರೇ ದಿನ ಇತ್ತು. ನಾನು ಹೂಂ ಅಂದ್ರೆ ನಿಮ್ಮ ಓದು ಅಲ್ಲಿಗೇ ನಿಂತೋಯ್ತದೆ ಅನ್ನಿಸ್ತು. ಓದ್ಕಂಡು ಬರ್ಲಿ, ನಾನು ಕಾಯ್ತೀನಿ ಅಂತ ಜಯಕುಮಾರಣ್ಣನ ಕೈಲಿ ಹೇಳಿ ಕಳಿಸ್ದೆ."

ಹಾಗಾದರೆ ದಲ್ಲಾಳಿ ಅರ್ಧ ಮಾತನ್ನು ದಾರಿಯಲ್ಲೇ ನುಂಗಿದ್ದ. ಅತ್ತ ಅವನಿಗೂ, ಹುಡುಗಿ ಕಡೆಯವರು ಕಾಯುವುದಿಲ್ಲವಂತೆ ಎಂದು ಹೇಳಿದ್ದನಂತೆ.

"ನನ್ನ ಹತ್ರಾನೇ ಹೇಳ್ಬೋದಿತ್ತಲ್ಲ?"

"ನಿಮ್ಮಪ್ಪಾರ ಮುಂದೆ ಬಾಯೇ ಬರ್ನಿಲ್ಲ."

ಎರಡು ವರ್ಷದ ಮುಳ್ಳು ಎಷ್ಟು ಸಲೀಸಾಗಿ ಕಿತ್ತುಬಂತು! ಉಂಡೆ ಆರಿಹೋಗುತ್ತದೆ, ತಿನ್ನಿ ಎಂದು ಗದರಿದಳು. ಅವನು ಒಂದೇ ಬಾರಿಗೆ ಎರಡು ಉಂಡೆ ಬಾಯಿಗೆ ಹಾಕಿಕೊಂಡು, ಒಸಿ ಬೆಲ್ಲ ಇದ್ದಿದ್ದರೆ ನಮ್ಮ ಕಡುಬೇ ಎಂದ.

ಆಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಪೀಚ್ ಹಣ್ಣಿಗೆ ಚೌಕಾಸಿ ಮಾಡಲು ಹೋಗಿ ಅವನು ಸೋತ. ಅವಳು ಬೇಡವೆಂದರೂ ಕೇಳದೆ ಉಪ್ಪಿನಕಾಯಿ ಚೀಲ ತಾನೇ ಹೊತ್ತ. ಸಂತೆ ಎತ್ತುವ ಹೊತ್ತಿಗೆ ಇಬ್ಬರೂ ಸೇತುವೆ ಬಳಿಯ ಕಲ್ಲಿನ ಮೇಲೆ ಕೂತಿದ್ದರು.

"ನನಗೆ ಇನ್ನೂ ಒಂದೂವರೆ ವರ್ಷ ಓದೋದಿದೆ," ಎಂದಳು ನೀರು ನೋಡುತ್ತಾ.

"ಓದಿ. ನನಗೆ ಕಾದು ಅಭ್ಯಾಸ ಆಗೈತೆ."

"ಮನೇಲಿ ಬೇರೆ ಹುಡುಗಿ ತೋರಿಸ್ಲಿಲ್ವಾ?"

"ತೋರಿಸಿದ್ರು. ನಾನು ಹೋಗ್ನಿಲ್ಲ."

ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಫೋನು ಗುನುಗಿತು... ಅಮ್ಮ, ವೀಡಿಯೋ ಕಾಲ್. ಊರಲ್ಲಿ ಇನ್ನೂ ಬೆಳಗಿನ ಎಂಟು ಗಂಟೆ. ಚಿಕ್ಕಲಕ್ಷ್ಮಮ್ಮನ ಕಂಕುಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆಯಿತ್ತು. ಒಬ್ಬಳೇ ಎಲ್ಲಿಗೆ ಹೋಗಿದ್ದೀಯೇ ಎಂದು ಕೇಳಿದಳು.

ಪದ್ಮಶ್ರೀ ಫೋನನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದಳು.

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಗುರುತು ಸಿಕ್ಕ ಮೇಲೆ ಸೊಪ್ಪಿನ ಹೊರೆ ಕೆಳಗಿಟ್ಟು, ತಲೆ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಮೆತ್ತಗೆ ಕೇಳಿದಳು.

"ತಿಂಡಿ ಆಯ್ತೇನಪ್ಪಾ?"

"ಆಯ್ತು, ಅತ್ತೆ."

ಚಿಕ್ಕಲಕ್ಷ್ಮಮ್ಮ ಫೋನು ಹಿಡಿದೇ, ಇವ್ರೇ ಒಸಿ ಬನ್ನಿ ಇಲ್ಲಿ ಎಂದು ಗಂಡನನ್ನು ಕೂಗುತ್ತಾ ಅಂಗಳಕ್ಕೆ ಓಡಿದಳು. ಪರದೆಯಲ್ಲಿ ಅವಳ ಮನೆ, ಆಕಾಶ, ಸೀರೆ ಎಲ್ಲ ಕುಣಿಯುತ್ತಿದ್ದವು.

ಪದ್ಮಶ್ರೀ ಅವನ ಕಡೆ ತಿರುಗಿ ಪಿಸುಗುಟ್ಟಿದಳು. "ಅತ್ತೆ ಅಂದ್ರಲ್ಲ..."

ಅವನ ಕಿವಿ ಕೆಂಪಾಗಿತ್ತು. "ಬಾಯಿಗೆ ಬಂದ್ಬುಡ್ತು. ತಪ್ಪಾಯ್ತಾ?"

"ಇಲ್ಲ," ಎಂದಳು, ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾ. "ಈಗ ಅಪ್ಪ ಬರ್ತಾರೆ. ಇವತ್ತಾದ್ರೂ ಬಾಯಿ ಬಿಡಿ."