ಎತ್ತರದ ಚಿಲಕ

“ಇನ್ನೂ ಸ್ವಲ್ಪ ಮೇಲೆ ತಾತ. ಹಾಂ, ಅಲ್ಲೇ,” ಅಂದಳು ಚಿನಕುರುಳಿ. ಅವಳ ಬಾಯಿ ಸುಮ್ಮನಿರುವುದಿಲ್ಲವೆಂದು ಮನೆಯವರು ಇಟ್ಟ ಹೆಸರದು.

ತಾತ ಬಡಗಿ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಎಲ್‌ಕೆಜಿ ಬಾಗಿಲಿಗೆ ಹೊರಗಿನಿಂದ ಹೊಸ ಚಿಲಕ ಜೋಡಿಸಲು ಬಂದಿದ್ದರು. ಹೋದ ವಾರ ಒಬ್ಬ ಪೋರ ಯಾರ ಕಣ್ಣಿಗೂ ಬೀಳದೆ ರಸ್ತೆವರೆಗೆ ಹೋಗಿಬಿಟ್ಟಿದ್ದ. ಹೆಡ್‌ಮಿಸ್ ಐದನೇ ಕ್ಲಾಸಿನವರಿಗೆ ಉಪಾಯ ಕೇಳಿದರು. ದೊಡ್ಡವರಿಗೆ ಮಾತ್ರ ಎಟಕುವ ಚಿಲಕದ ಚಿತ್ರ ಬರೆದುಕೊಟ್ಟವಳು ಚಿನಕುರುಳಿಯೇ. ನಾಳೆ ಪ್ರೇಯರ್‌ನಲ್ಲಿ ಅವಳಿಗೆ ಬಹುಮಾನ.

ಆದರೆ ತಾತ ಡ್ರಿಲ್ ಮುಟ್ಟಲಿಲ್ಲ. ಏನೇ ಮಾಡಿಸಲಿ, ಉಪಾಯ ಹೇಳಿದವರೇ ಮೊದಲು ಬಳಸಿ ನೋಡಬೇಕು ಎನ್ನುವುದು ಅವರ ಪದ್ಧತಿ. ಅವಳನ್ನು ಒಳಗೆ ಕಳಿಸಿ, ಬಾಗಿಲೆಳೆದು ಚಿಲಕದ ಬದಲು ಹೊರಗಿನಿಂದ ಹಗ್ಗ ಬಿಗಿದರು.

ಒಳಗೆ ಎಲ್ಲ ಅವಳು ಎಲ್‌ಕೆಜಿಯಲ್ಲಿದ್ದಾಗ ಇದ್ದ ಹಾಗೇ ಇತ್ತು. ಗೋಡೆಯ ಹಳದಿ ಆನೆ, ಬಣ್ಣದ ಕಡ್ಡಿಗಳ ವಾಸನೆ, ಕಿಟಕಿ ಪಕ್ಕದ ಪುಟ್ಟ ಕುರ್ಚಿ. ಕೂತರೆ ಮೊಣಕಾಲು ಗಲ್ಲಕ್ಕೆ ತಾಗಿತು. ಇಲ್ಲೇ ಅಲ್ಲವೇ ತಾನು ರಂಪ ಮಾಡಿದ್ದು, ಆಯಮ್ಮ ಮಡಿಲಲ್ಲಿ ಕೂರಿಸಿಕೊಂಡು ಸಮಾಧಾನ ಮಾಡಿದ್ದು. ಆ ದಿನಗಳು ಮತ್ತೆ ಬರಬಾರದೇ ಅನ್ನಿಸಿತು.

ಆಮೇಲೆ ಇನ್ನೊಂದು ದಿನ ನೆನಪಾಯಿತು. ಮಿಸ್ ಆಫೀಸಿಗೆ ಹೋಗಿದ್ದಾಗ ಪಕ್ಕದ ಹುಡುಗಿ ಪೆನ್ನಿನ ಕ್ಯಾಪ್ ನುಂಗಿ ಕೆಮ್ಮತೊಡಗಿದ್ದಳು. ಚಿನಕುರುಳಿ ಎದ್ದುಬಿದ್ದು ಅಂಗಳಕ್ಕೆ ಓಡಿ ಆಯಮ್ಮನನ್ನು ಕರೆತಂದಿದ್ದಳು. ಅವತ್ತು ಬಾಗಿಲು ತೆರೆದಿತ್ತು.

ಅವಳು ಎದ್ದು ಬಾಗಿಲು ತಳ್ಳಿದಳು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ತಾತ, ತೆಗಿ. ಇದು ಬೇಡ.”

“ಎಲ್ರೂ ಚೆನ್ನಾಗಿದೆ ಅಂದಿದಾರಲ್ಲೇ?” ಅಂದರು ತಾತ, ಹಗ್ಗ ಬಿಚ್ಚುತ್ತಾ.

“ಅವರ್ಯಾರೂ ಒಳಗೆ ಕೂತು ನೋಡಿಲ್ಲ.”

ಹೆಡ್‌ಮಿಸ್ ರೂಮಿಗೆ ಹೋಗಲು ಕಾಲೇ ಬರಲಿಲ್ಲ. ಆದರೂ ಹೋಗಿ ಎಲ್ಲ ಹೇಳಿದಳು. ಹಾಗಾದರೆ ಮಗು ಮತ್ತೆ ರಸ್ತೆಗೆ ಓಡಿದರೆ ಏನು ಮಾಡುವುದು ಎಂದು ಅವರು ಕೇಳಿದರು. ಅದೂ ನಿಜವೇ.

“ಬೇರೆ ಉಪಾಯ ಸಿಗೋವರೆಗೂ ಬ್ರೇಕಲ್ಲಿ ನಾನೇ ಬಾಗಿಲ ಹತ್ರ ಕೂತಿರ್ತೀನಿ ಮಿಸ್.”

ಮರುದಿನ ಪ್ರೇಯರ್‌ನಲ್ಲಿ ಅವಳ ಹೆಸರು ಕರೆಯಲಿಲ್ಲ. ಸುಳ್ಳೇಕೆ, ಅವಳಿಗೆ ಸಂಕಟವಾಯಿತು.

ಬ್ರೇಕ್‌ನಲ್ಲಿ ಹೊಸ್ತಿಲ ಮೇಲೆ ಕೂತಳು. ಗೆಳತಿಯರ ಆಟದ ಗಲಾಟೆ ಇಲ್ಲಿಯವರೆಗೂ ಕೇಳುತ್ತಿತ್ತು. ಒಳಗಿನಿಂದ ಒಬ್ಬ ಪುಟಾಣಿ ಬಂದು ನಿಂತ.

“ಅಕ್ಕಾ, ಹೊರಗೆ ಹೋಗ್ಲಾ? ಅಮ್ಮ ಬರ್ತಾಳಾ ನೋಡ್ಬೇಕು.”

ಚಿನಕುರುಳಿ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

“ಇಲ್ಲಿಂದಾನೇ ಚೆನ್ನಾಗಿ ಕಾಣತ್ತೆ ಕಣೋ. ಬಾ, ಕೂತ್ಕೊ,” ಅಂದಳು.