ಹದಿನೇಳನೇ ನಂಬರು

ಬಾಯ್ಲರ್ ಟ್ಯಾಂಕಿನ ಮುಚ್ಚಳ ಬಿಗಿಯುವ ಮೊದಲು ಸುತ್ತಿಗೆಯಿಂದ ಮೂರು ಸಲ ಬಡಿದು "ಒಳಗ ಯಾರ ಅದೀರಿ?" ಎಂದು ಕೂಗುವುದು ನಮ್ಮ ಕಡೆಯ ಫಿಟ್ಟರುಗಳ ರೂಢಿ. ತಪಾಸಣೆಗೆ ಬರುವವನು ನಾನು. ಹೋದ ವರ್ಷ ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ, ಊಟಕ್ಕೆ ಹೊತ್ತಾಯಿತೆಂದು, ಬಡಿಯಗೊಡದೆ ಮುಚ್ಚಿಸಿದೆ. ಪರೀಕ್ಷೆಗೆ ನೀರು ತುಂಬುವಾಗ ಒಳಗಿನಿಂದ ಟಣ್ ಟಣ್ ಎಂದಿತು. "ಗಾಳಿ ಅದು, ತುಂಬಸ್ರಿ" ಎಂದೆ. ಒಳಗೆ ವೆಲ್ಡರ್ ವಿರುಪಾಕ್ಷಿ ಇದ್ದ. ಏಣಿಯಿಂದ ಜಾರಿ ಸತ್ತನೆಂದು ವರದಿ ಬರೆದೆ.

ವೆಲ್ಡರುಗಳು ತಾವು ಬೆಸೆದ ಕಡೆ ಉಕ್ಕಿನ ಪಂಚಿನಿಂದ ತಮ್ಮ ನಂಬರು ಹೊಡೆಯುತ್ತಾರೆ. ಅವನದು ಹದಿನೇಳು. ಆ ಪಂಚನ್ನು ಹೆಂಡತಿ ಹುಲಗಮ್ಮ ಅವನ ಕೈಯಲ್ಲಿಟ್ಟೇ ಮಣ್ಣು ಮಾಡಿಸಿದಳು.

ಈ ವರ್ಷ ಅದೇ ಮಿಲ್ಲಿಗೆ ಹೊಸ ಟ್ಯಾಂಕು ಬಂತು. ನಾನೇ ಬ್ಯಾಟರಿ ಹಾಕಿ ಒಳಗೆಲ್ಲ ನೋಡಿದೆ, ಬಡಿದೆ, ಕೂಗಿದೆ, ಮುಚ್ಚಿಸಿದೆ. ನಡುಮಧ್ಯಾಹ್ನದ ಬಿಸಿಲಿಗೆ ಟ್ಯಾಂಕಿನ ಮೈ ಸುಡುತ್ತಿತ್ತು. ಮುಚ್ಚಳ ಮಾತ್ರ ತಣ್ಣಗಿತ್ತು. ನೀರಿನ ಒತ್ತಡ ಏರಿದಂತೆ ಒಳಗಿನಿಂದ ಟಣ್ ಟಣ್.

ಪಂಪು ಒತ್ತುತ್ತಿದ್ದ ವೆಂಕಟೇಶ ಹಿಡಿಕೆ ಬಿಟ್ಟ. "ಸಾಹೇಬ್ರ, ಒಳಗ ಯಾರೋ ಅದಾರ್ರಿ."

"ಗಾಳಿ ಅದು. ಏರಸು."

ಅರ್ಧ ತಾಸು ಬಡಿಯಿತು. ಕೊನೆಕೊನೆಗೆ ಮೆಲ್ಲಗಾಗಿ ನಿಂತಿತು.

ನೀರು ಬಿಟ್ಟು ತೆರೆದೆವು. ಯಾರೂ ಇರಲಿಲ್ಲ. ಮುಚ್ಚಳದ ಒಳಮೈ ತುಂಬ ಹದಿನೇಳು, ಹದಿನೇಳು, ಒಂದರ ಮೇಲೊಂದು, ಹೊಸದಾಗಿ ಹೊಡೆದದ್ದು. ವೆಂಕಟೇಶ ಚಪ್ಪಲಿ ಬಿಟ್ಟು ಓಡಿದ.

ನಾನು ಸರ್ಟಿಫಿಕೇಟಿನಲ್ಲಿ 'ದೋಷವಿಲ್ಲ' ಎಂದು ಬರೆದು ಸಹಿ ಹಾಕಿದೆ. ಆ ಟ್ಯಾಂಕಿನ ಹಬೆಯಲ್ಲೇ ಈಗ ಭತ್ತ ಬೇಯುತ್ತಿದೆ. ಹುಲಗಮ್ಮನ ಮನೆಗೂ ಅದೇ ಅಕ್ಕಿ ಹೋಗುತ್ತದೆ.